ಮದುವೆ ಫೋಟೋಗೆ ಯಾವ ಡಿಫ್ಯೂಸರ್? ಮೊದಲು ಚಾವಣಿ ನೋಡಿ

ಫ್ಲ್ಯಾಶ್‌ನ ಬೆಳಕು ಮೆದುವಾಗಲೆಂದು ಅದಕ್ಕೆ ಸಿಕ್ಕಿಸುವ ಸಾಧನವೇ ಡಿಫ್ಯೂಸರ್. ನಾನು ಕಾಸು ಕೊಟ್ಟು ಕೊಂಡ ಮೊದಲ ಡಿಫ್ಯೂಸರ್ ಒಂದು ಬಿಳಿ ಪ್ಲಾಸ್ಟಿಕ್ ಡೋಮ್, ಗುಮ್ಮಟದಂಥ ಟೋಪಿ. ಅದನ್ನು ಫ್ಲ್ಯಾಶ್‌ನ ಮೂತಿಗೆ ಸಿಕ್ಕಿಸಿಕೊಂಡು, ಬಯಲಿನಲ್ಲಿ ಸಂಜೆ ಹೊತ್ತು ನಡೆದ ಮದುವೆಯೊಂದರಲ್ಲಿ ಎದೆಯುಬ್ಬಿಸಿ ಓಡಾಡಿದೆ. ಮೂರು ಗಂಟೆಯೊಳಗೆ ಎರಡು ಸೆಟ್ ಸೆಲ್ ಖಾಲಿ. ಮನೆಗೆ ಬಂದು ತೆರೆದು ನೋಡಿದರೆ ಮುಖಗಳ ಮೇಲೆ ಅದೇ ಚಪ್ಪಟೆ ಬೆಳಕು, ಗದ್ದದ ಕೆಳಗೆ ಗೆರೆ ಎಳೆದಂಥ ಅದೇ ನೆರಳು, ಹಿಂದೆ ಕಗ್ಗತ್ತಲು. ಡೋಮ್ ಬಿಚ್ಚಿಟ್ಟು ತೆಗೆದಿದ್ದ ನಾಲ್ಕಾರು ಚಿತ್ರಗಳೂ ಇದ್ದವು. ಯಾವುದು ಡೋಮಿನದು, ಯಾವುದು ಬರಿ ಫ್ಲ್ಯಾಶಿನದು ಎಂದು ತೆಗೆದ ನನಗೇ ಗೊತ್ತಾಗಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಡೋಮಿನ ತಪ್ಪೇನೂ ಇರಲಿಲ್ಲ. ಯಾವ ಡಿಫ್ಯೂಸರ್ ಒಳ್ಳೆಯದು ಎಂದು ನಾಲ್ಕು ಜನರನ್ನು ಕೇಳಿ ಕೊಂಡಿದ್ದೆನೇ ಹೊರತು, ನಾನು ನಿಲ್ಲುವ ಜಾಗದಲ್ಲಿ ಬೆಳಕು ಎಲ್ಲಿಗೆ ಹೋಗಿ ಎಲ್ಲಿಂದ ವಾಪಸ್ ಬರುತ್ತದೆ ಎಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಆಮೇಲೆ ಒಂದೊಂದಾಗಿ ಕೊಳ್ಳುತ್ತಾ ಚೀಲ ತುಂಬಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ನೀವು ಕೊಳ್ಳುವ ಮುಂಚೆ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಳಕು ಮೆದುವಾಗುವುದು ಹೇಗೆ

ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಅಷ್ಟು ದೊಡ್ಡ ದೀಪವಾದರೂ ಮಟಮಟ ಮಧ್ಯಾಹ್ನ ಮೂಗಿನ ಕೆಳಗೆ ಬೀಳುವ ನೆರಳು ಬ್ಲೇಡಿನಲ್ಲಿ ಕೊಯ್ದಂತಿರುತ್ತದೆ. ಯಾಕೆಂದರೆ ಅದು 15 ಕೋಟಿ ಕಿಲೋಮೀಟರ್ ದೂರದಲ್ಲಿದೆ, ನಮ್ಮ ಪಾಲಿಗೆ ಅರ್ಧ ಡಿಗ್ರಿಯ ಒಂದು ಬಿಲ್ಲೆ ಅಷ್ಟೇ. ಅಡ್ಡಲಾಗಿ ಮೋಡ ಬಂದರೆ ಇಡೀ ಆಕಾಶವೇ ದೀಪವಾಗುತ್ತದೆ, ನೆರಳಿನ ಅಂಚು ಕರಗಿಹೋಗುತ್ತದೆ. ಎದುರಿಗಿರುವ ವ್ಯಕ್ತಿಯ ಕಡೆಯಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದರ ಮೇಲೆ ನೆರಳಿನ ಮೃದುತ್ವ ನಿಂತಿದೆ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುವ ಮಾತು.

ಈಗ ಕ್ಯಾಮೆರಾದ ಮೇಲಿರುವ ಫ್ಲ್ಯಾಶ್ ನೋಡಿ. ಅದರ ಮುಖ ಹೆಚ್ಚೆಂದರೆ ಏಳೆಂಟು ಸೆಂಟಿಮೀಟರ್ ಅಗಲ. ಮೂರು ಮೀಟರ್ ದೂರದಲ್ಲಿ ನಿಂತ ಮದುಮಗಳಿಗೆ ಅದು ಚುಕ್ಕಿ. ಅದರ ಮೇಲೆ ಅಷ್ಟೇ ಅಗಲದ ಬಿಳಿ ಪ್ಲಾಸ್ಟಿಕ್ ಹಾಕಿದರೂ ಚುಕ್ಕಿ ಚುಕ್ಕಿಯೇ. ಡೋಮ್ ಮಾಡುವ ಕೆಲಸ ಬೇರೆ: ಮುಂದಕ್ಕೆ ನುಗ್ಗುತ್ತಿದ್ದ ಬೆಳಕನ್ನು ಎಂಟೂ ದಿಕ್ಕಿಗೆ ಚೆಲ್ಲುತ್ತದೆ. ಚೆಲ್ಲಿದ ಬೆಳಕು ಚಾವಣಿಗೆ, ಗೋಡೆಗೆ ಬಡಿದು ಹಿಂದಿರುಗಿದಾಗ ಆ ಚಾವಣಿ, ಆ ಗೋಡೆಗಳೇ ದೊಡ್ಡ ದೀಪಗಳಾಗುತ್ತವೆ. ಹಿಂದಿರುಗಿಸಲು ಏನೂ ಇಲ್ಲದಿದ್ದರೆ ಚೆಲ್ಲಿದ್ದು ಚೆಲ್ಲಿದ್ದೇ. ನನ್ನ ಬಯಲು ಮದುವೆಯ ಕಥೆ ಇದು.

ಒಂದು ಲೆಕ್ಕ. ಚಾವಣಿ ಮೂರು ಮೀಟರ್ ಎತ್ತರ, ಫ್ಲ್ಯಾಶ್ ನೆಲದಿಂದ 1.8 ಮೀಟರ್ ಮೇಲೆ. ಫ್ಲ್ಯಾಶ್‌ನ ಜೂಮ್ (ಬೆಳಕಿನ ಹರವನ್ನು ಹಿಗ್ಗಿಸಿ ಕುಗ್ಗಿಸುವ ಹೊಂದಿಕೆ) 24 ಮಿ.ಮೀ.ಗೆ ಇಟ್ಟು ನೇರ ಮೇಲಕ್ಕೆ ಹೊಡೆದರೆ ಬೆಳಕು ಅಡ್ಡಡ್ಡಕ್ಕೆ ಸುಮಾರು 74 ಡಿಗ್ರಿ ಹರಡುತ್ತದೆ. ಚಾವಣಿಯ ಮೇಲೆ ಹತ್ತಿರಹತ್ತಿರ 1.8 ಮೀಟರ್ ಅಗಲದ ಬೆಳಕಿನ ಮಡು ನಿಲ್ಲುತ್ತದೆ. ಯಾವ ಡಿಫ್ಯೂಸರೂ ಹಾಕದೆ ಸಿಕ್ಕ ದೀಪ ಅದು. ಅಷ್ಟು ದೊಡ್ಡ ಸಾಫ್ಟ್‌ಬಾಕ್ಸನ್ನು (ಮುಂದೆ ಬಿಳಿ ಬಟ್ಟೆ ಹೊದಿಸಿದ ದೀಪದ ಪೆಟ್ಟಿಗೆ) ಮದುವೆಯ ಗದ್ದಲದಲ್ಲಿ ಯಾರೂ ಹೊತ್ತು ತಿರುಗಲಾರರು.

ಹಾಗಾಗಿ ಅಂಗಡಿಯಲ್ಲಿ ಡಿಫ್ಯೂಸರ್ ಹೆಸರಿನಲ್ಲಿ ಸಿಗುವ ಸಾಮಾನನ್ನೆಲ್ಲ ನಾನು ಎರಡು ರಾಶಿ ಮಾಡಿಕೊಳ್ಳುತ್ತೇನೆ. ಕೋಣೆಯನ್ನು ದುಡಿಸಿಕೊಳ್ಳುವವು ಒಂದು ರಾಶಿ, ಕೋಣೆ ಕೈಕೊಟ್ಟಾಗ ತಾವೇ ಮೇಲ್ಮೈಯಾಗಿ ನಿಲ್ಲುವವು ಇನ್ನೊಂದು. ಡೋಮ್ ಮೊದಲನೆಯ ರಾಶಿಗೆ, ಸಾಫ್ಟ್‌ಬಾಕ್ಸ್ ಮತ್ತು ಫ್ಲ್ಯಾಶ್‌ನ ಬೆಳಕು ಹರಡುವ ಫೋಟೋ ಕೊಡೆ ಎರಡನೆಯದಕ್ಕೆ. ಬಿಳಿ ಕಾರ್ಡ್ ಎರಡೂ ದೋಣಿಯಲ್ಲಿ ಕಾಲಿಟ್ಟ ಗಿರಾಕಿ.

ಡೋಮ್: ಸೋಮಾರಿಯ ಗೆಳೆಯ, ಸೆಲ್‌ಗಳ ಶತ್ರು

ಸ್ಟೋಫೆನ್ ಕಂಪನಿಯ ಆಮ್ನಿಬೌನ್ಸ್ ಥರದ ಚಿಕ್ಕ ಗಟ್ಟಿ ಪ್ಲಾಸ್ಟಿಕ್ ಟೋಪಿಗಳು ಈ ಕುಲದ ಹಿರಿಯರು. ನಿಕಾನ್ ಎಸ್‌ಬಿ-910ರಂಥ ಫ್ಲ್ಯಾಶ್‌ಗಳ ಪೆಟ್ಟಿಗೆಯಲ್ಲೇ ಒಂದು ಡೋಮ್ ಬರುತ್ತಿತ್ತು. ಇದಕ್ಕಿಂತ ದೊಡ್ಡ ಜಾತಿಯಲ್ಲಿ, ಸ್ವತಃ ಮದುವೆ ಫೋಟೋಗ್ರಾಫರ್ ಆಗಿದ್ದ ಗ್ಯಾರಿ ಫಾಂಗ್ ಮಾಡಿದ ಲೈಟ್‌ಸ್ಫಿಯರ್ ಇದೆ, ಆಯಸ್ಕಾಂತದಿಂದ ಅಂಟಿಕೊಳ್ಳುವ ಮ್ಯಾಗ್‌ಮಾಡ್‌ನ ಸಿಲಿಕೋನ್ ಮ್ಯಾಗ್‌ಸ್ಫಿಯರ್ ಇದೆ. ಇವುಗಳನ್ನು ನೋಡಿ ಮಾಡಿದ ಅಗ್ಗದ ನಕಲುಗಳಿಗೆ ಲೆಕ್ಕವಿಲ್ಲ. ಕೆಲಸದಲ್ಲಿ ನಕಲಿಗೂ ಅಸಲಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಹಿಡಿತದಲ್ಲಿ ಮತ್ತು ಬಣ್ಣದಲ್ಲಿ ಕಾಣುತ್ತದೆ, ನೆರಳಿನಲ್ಲಿ ಅಷ್ಟಾಗಿ ಅಲ್ಲ.

ಡೋಮ್ ಗೆಲ್ಲುವ ಜಾಗ ಸ್ಪಷ್ಟ: ಚಾವಣಿ ಬಿಳಿಯಾಗಿರಬೇಕು, ತಗ್ಗಾಗಿರಬೇಕು, ಗೋಡೆಗಳು ಹತ್ತಿರವಿರಬೇಕು. ಮದುಮಗಳು ಸಿಂಗರಿಸಿಕೊಳ್ಳುವ ಕೋಣೆ ಬಹುಪಾಲು ಹೀಗೇ ಇರುತ್ತದೆ. ಅಲ್ಲಿ ಜನ ಆಚೀಚೆ ಸರಿಯುತ್ತಿರುತ್ತಾರೆ, ನೀವು ಕ್ಯಾಮೆರಾವನ್ನು ಅಡ್ಡ ಹಿಡಿದು ಮರುಕ್ಷಣ ಉದ್ದ ಹಿಡಿಯುತ್ತೀರಿ, ಪ್ರತಿ ಸಲ ಫ್ಲ್ಯಾಶ್‌ನ ತಲೆ ತಿರುಗಿಸುವಷ್ಟು ಪುರುಸೊತ್ತು ಇರುವುದಿಲ್ಲ. ಡೋಮ್ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವುದರಿಂದ ಹೇಗೆ ಹಿಡಿದರೂ ಒಂದು ಮಟ್ಟದ ಚಿತ್ರ ಬಂದೇ ಬರುತ್ತದೆ. ಕಣ್ಣಿನಲ್ಲಿ ಒಂದು ಸಣ್ಣ ಮಿಂಚು ಕೂಡ ಕೂರುತ್ತದೆ. ಯೋಚನೆಗೆ ಸಮಯವಿಲ್ಲದ ಕಡೆ ಇದು ನಿಜವಾದ ಉಪಕಾರ. ಕುಣಿತದ ಗುಂಪಿನ ಮಧ್ಯೆ ನುಗ್ಗಿದಾಗಲೂ ಅಷ್ಟೇ.

ಆದರೆ ತಲೆಯನ್ನು 45 ಡಿಗ್ರಿಯಿಂದ 75 ಡಿಗ್ರಿಯವರೆಗೆ ಮೇಲಕ್ಕೆ ಎತ್ತಿರಲೇಬೇಕು. ಡೋಮ್ ಹಾಕಿ ನೇರ ಮುಖಕ್ಕೆ ಗುರಿಯಿಟ್ಟು ಹೊಡೆಯುವವರನ್ನು ಪ್ರತಿ ಮದುವೆಯಲ್ಲೂ ಕಾಣುತ್ತೇನೆ. ಅವರಿಗೆ ಸಿಗುವುದು ಬರಿ ಫ್ಲ್ಯಾಶಿನ ಬೆಳಕೇ, ತೂಕ ಮಾತ್ರ ಜಾಸ್ತಿ. ಎತ್ತಿ ಹಿಡಿದಾಗಲೂ ಡೋಮಿನ ಮುಂಭಾಗದಿಂದ ಒಂದಿಷ್ಟು ನೇರ ಬೆಳಕು ಸೋರುತ್ತಲೇ ಇರುತ್ತದೆ. ಅದು ಕಣ್ಣಿನ ಗುಳಿಯ ಕತ್ತಲನ್ನು ತುಂಬುತ್ತದೆ, ಹೌದು. ಜೊತೆಗೆ ಮುಖದ ಏರಿಳಿತವನ್ನೂ ಅಳಿಸುತ್ತದೆ. ಡೋಮಿನ ಚಿತ್ರಗಳು ಚೊಕ್ಕಟವಾಗಿರುತ್ತವೆ, ಸ್ವಲ್ಪ ಸಪ್ಪೆಯಾಗಿರುತ್ತವೆ.

ಇನ್ನು ಶಕ್ತಿಯ ಖರ್ಚು. ಫ್ಲ್ಯಾಶ್‌ನ ಬಲ ಹೇಳುವ ಸಂಖ್ಯೆ ಗೈಡ್ ನಂಬರ್; ಅದನ್ನು ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಸಂಖ್ಯೆಯಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ. ದೊಡ್ಡ ಫ್ಲ್ಯಾಶ್‌ನ ಗೈಡ್ ನಂಬರ್ 60 ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದು 200 ಮಿ.ಮೀ. ಜೂಮ್‌ನಲ್ಲಿ, ಐಎಸ್‌ಓ (ಕ್ಯಾಮೆರಾ ಬೆಳಕನ್ನು ಹಿಡಿಯುವ ಸೂಕ್ಷ್ಮತೆ) 100ರಲ್ಲಿ, ಮೀಟರಿನಲ್ಲಿ ಹೇಳಿದ ಸಂಖ್ಯೆ. ಅದೇ ಫ್ಲ್ಯಾಶ್ 35 ಮಿ.ಮೀ.ಗೆ ಬಂದರೆ 36ರ ಆಸುಪಾಸಿಗೆ ಇಳಿಯುತ್ತದೆ. ಐಎಸ್‌ಓ 800ಕ್ಕೆ ಏರಿಸಿದರೆ ಸುಮಾರು 100 ಆಗುತ್ತದೆ. ಚಾವಣಿಗೆ ಬಡಿದು ಬರುವಾಗ ಎರಡು ಸ್ಟಾಪ್ ಹೋಯಿತೆನ್ನಿ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧವಾಗುತ್ತದೆ), ಆಗ ಗೈಡ್ ನಂಬರ್ ಅರ್ಧಕ್ಕಿಳಿದು 50. ಅಪರ್ಚರ್ ಎಫ್ 4 ಇದ್ದರೆ ಭಾಗಿಸಿ: ಪೂರ್ಣ ಶಕ್ತಿಯಲ್ಲಿ ಬೆಳಕು ಹನ್ನೆರಡೂವರೆ ಮೀಟರ್ ಹಾದಿ ಸವೆಸಬಲ್ಲದು. ನಮ್ಮ ಕೋಣೆಯಲ್ಲಿ ಅದು ಹತ್ತಿ ಇಳಿಯುವ ಹಾದಿ ಐದು ಮೀಟರ್ ಆದರೆ ಶಕ್ತಿಯ ಆರನೆಯ ಒಂದು ಪಾಲು ಸಾಕು. ಡೋಮ್ ಮೇಲೆ ಇನ್ನೊಂದೂವರೆ ಸ್ಟಾಪ್ ನುಂಗಿದರೆ ಹೆಚ್ಚುಕಮ್ಮಿ ಅರ್ಧ ಶಕ್ತಿ ಬೇಕಾಗುತ್ತದೆ. ಆರನೆಯ ಪಾಲಿನಲ್ಲಿ ಹೊಡೆದಾಗ ಫ್ಲ್ಯಾಶ್ ಮುಂದಿನ ಚಿತ್ರಕ್ಕೆ ಚಕ್ಕನೆ ಸಿದ್ಧವಾಗುತ್ತದೆ. ಅರ್ಧ ಶಕ್ತಿಯಲ್ಲಿ ಕಾಯಿಸುತ್ತದೆ. ಉಂಗುರ ತೊಡಿಸುವ ಗಳಿಗೆಯಲ್ಲಿ ಆ ಕಾಯುವಿಕೆ ಎಷ್ಟು ಉದ್ದವೆಂದು ಕಾದವರಿಗೇ ಗೊತ್ತು. ಬೆಳಕಿನ ಗುಣದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಡಿಫ್ಯೂಸರ್ ತಿನ್ನುವ ಸಮಯದ ಬಗ್ಗೆ ಮಾತಾಡುವವರು ಕಡಿಮೆ.

ಚಿಕ್ಕ ಡೋಮೋ ದೊಡ್ಡ ಡೋಮೋ ಎನ್ನುವ ಜಗಳಕ್ಕೆ ನನ್ನ ಉತ್ತರ ದೂರದಲ್ಲಿದೆ. ಒಂದು ಮೀಟರ್ ಒಳಗೆ, ಉಂಗುರ ಅಥವಾ ಹೂವಿನ ಚಿತ್ರ ತೆಗೆಯುವಾಗ, ದೊಡ್ಡ ಡೋಮಿಗೂ ಚಿಕ್ಕ ಡೋಮಿಗೂ ವ್ಯತ್ಯಾಸ ಕಾಣುತ್ತದೆ. ಮೂರು ಮೀಟರಿನಲ್ಲಿ ಕಾಣುವುದಿಲ್ಲ. ಆ ದೂರದಲ್ಲಿ ನಿಮ್ಮನ್ನು ಕಾಪಾಡುವುದು ಕೋಣೆಯೇ. ದೊಡ್ಡ ಡೋಮಿನ ಭಾರಕ್ಕೆ ಹಳೆಯ ಫ್ಲ್ಯಾಶ್‌ಗಳ ತಲೆ ನಿಧಾನವಾಗಿ ತೂಕಡಿಸಿ ಮುಂದಕ್ಕೆ ಬಾಗುವುದೂ ಉಂಟು. ಅದು ಗೊತ್ತಾಗುವಷ್ಟರಲ್ಲಿ ಹತ್ತು ಚಿತ್ರ ಕೆಟ್ಟಿರುತ್ತವೆ.

ಬಿಳಿ ಕಾರ್ಡ್

ಅನೇಕ ಫ್ಲ್ಯಾಶ್‌ಗಳ ತಲೆಯೊಳಗೆ ಒಂದು ಪುಟ್ಟ ಬಿಳಿ ಫಲಕ ಅಡಗಿರುತ್ತದೆ. ಅದನ್ನು ಎಳೆದು ನಿಲ್ಲಿಸಿದರೆ ಕಣ್ಣಿನಲ್ಲಿ ಮಿಂಚು ಬರುತ್ತದೆ, ಬೇರೆ ಏನೂ ಆಗುವುದಿಲ್ಲ. ಕೆಲಸಕ್ಕೆ ಬರುವುದು ಪುಸ್ತಕದ ಹಾಳೆಯಷ್ಟು ದೊಡ್ಡ ಕಾರ್ಡ್. ರೋಗ್ ಫ್ಲ್ಯಾಶ್‌ಬೆಂಡರ್ ಬೇಕಾದಂತೆ ಬಾಗುತ್ತದೆ, ಮ್ಯಾಗ್‌ಮಾಡ್‌ನ ಮ್ಯಾಗ್‌ಬೌನ್ಸ್ ಸಿಲಿಕೋನಿನ ಮೊರದಂತಿದೆ. ಮಕ್ಕಳ ಕರಕುಶಲದ ಬಿಳಿ ಫೋಮ್ ಹಾಳೆಯನ್ನು ಕತ್ತರಿಸಿ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡರೂ ಕೆಲಸ ನಡೆಯುತ್ತದೆ. ನಾನು ವರ್ಷಗಟ್ಟಲೆ ಹಾಗೇ ನಡೆಸಿದೆ.

ಕಾರ್ಡಿನ ಗುಣ ಅದರ ಇಬ್ಬಂದಿತನದಲ್ಲಿದೆ. ಫ್ಲ್ಯಾಶ್ ಮೇಲಕ್ಕೆ ಹೊಡೆದಾಗ ಒಂದು ಪಾಲು ಬೆಳಕು ಚಾವಣಿಗೆ ಹೋಗುತ್ತದೆ, ಇನ್ನೊಂದು ಪಾಲು ಕಾರ್ಡಿಗೆ ಬಡಿದು ಮುಂದಕ್ಕೆ ಬರುತ್ತದೆ. ಚಾವಣಿ ಒಳ್ಳೆಯದಿದ್ದರೆ ಅದು ಮುಖ್ಯ ದೀಪ, ಕಾರ್ಡ್ ಬರಿ ಕಣ್ಣಿನ ಕೆಳಗಿನ ಕತ್ತಲು ತುಂಬುವ ಸಹಾಯಕ. ಚಾವಣಿ ಎಂಟು ಹತ್ತು ಮೀಟರ್ ಮೇಲಿದ್ದರೆ, ಅಥವಾ ಕಪ್ಪಾಗಿದ್ದರೆ, ಕಾರ್ಡೇ ಮುಖ್ಯ ದೀಪವಾಗುತ್ತದೆ. ಅಂಥ ದೊಡ್ಡ ಸಭಾಂಗಣದಲ್ಲಿ ಡೋಮ್ ಮತ್ತು ಕಾರ್ಡ್ ಎರಡನ್ನೇ ಹೋಲಿಸಿದರೆ ಕಾರ್ಡಿಗೆ ನನ್ನ ಮತ. ಡೋಮ್ ಬೆನ್ನ ಹಿಂದಕ್ಕೂ ಪಕ್ಕಕ್ಕೂ ಚೆಲ್ಲುವ ಬೆಳಕು ಅಲ್ಲಿ ಕತ್ತಲಲ್ಲಿ ಕಳೆದುಹೋಗುತ್ತದೆ. ಕಾರ್ಡ್ ತನ್ನ ಪಾಲನ್ನು ಬೇಕಾದ ಕಡೆಗೇ ತಳ್ಳುತ್ತದೆ.

20 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದದ ಕಾರ್ಡ್ ಫ್ಲ್ಯಾಶ್‌ನ ಮುಖಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವಿಸ್ತಾರದ್ದು. ಹಾಗೆಂದು ಬೀಗಬೇಕಿಲ್ಲ. ಒಂದೂವರೆ ಮೀಟರ್ ಒಳಗೆ ಇಬ್ಬರ ಚಿತ್ರಕ್ಕೆ ಚೆನ್ನ. ಐದು ಮೀಟರ್ ಆಚೆ ಅದೂ ಚುಕ್ಕಿಯೇ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದಾಗ ಕಾರ್ಡ್ ಲೆನ್ಸಿನ ಪಕ್ಕಕ್ಕೆ ಬಂದು, ಗೋಡೆಯ ಮೇಲೆ ತಲೆಯ ನೆರಳು ಇನ್ನೊಂದು ಪಕ್ಕಕ್ಕೆ ಅಂಟಿಕೊಳ್ಳುತ್ತದೆ. ತಲೆ ತಿರುಗಿಸಿ ಕಾರ್ಡನ್ನು ಮತ್ತೆ ಹೊಂದಿಸುವ ಅಭ್ಯಾಸ ಕೈಗೆ ಹತ್ತುವವರೆಗೆ ಕಿರಿಕಿರಿ ತಪ್ಪದು.

ಬಿಳಿಯಲ್ಲ, ಕಪ್ಪು

ನಾನು ಅತಿ ಹೆಚ್ಚು ಬಳಸುವುದು ಡಿಫ್ಯೂಸರೇ ಅಲ್ಲ. ಕಪ್ಪು ಫೋಮಿನ ಒಂದು ತುಂಡು. ನೀಲ್ ವ್ಯಾನ್ ನೀಕರ್ಕ್ ಎಂಬ ಮದುವೆ ಫೋಟೋಗ್ರಾಫರ್ ಇದನ್ನು ಲೋಕಕ್ಕೆಲ್ಲ ಪರಿಚಯಿಸಿದರು. ಬಿಳಿ ಕಾರ್ಡ್ ಬೆಳಕನ್ನು ಮುಂದಕ್ಕೆ ತಳ್ಳಿದರೆ, ಇದು ಮುಂದಕ್ಕೆ ಹೋಗದಂತೆ ತಡೆಯುತ್ತದೆ. ಫ್ಲ್ಯಾಶ್‌ನ ತಲೆಯನ್ನು ಪಕ್ಕದ ಗೋಡೆಗೋ ನನ್ನ ಹೆಗಲ ಹಿಂದಕ್ಕೋ ತಿರುಗಿಸುತ್ತೇನೆ. ಎದುರಿನವರಿಗೆ ಫ್ಲ್ಯಾಶ್‌ನ ಮುಖ ಕಾಣಿಸದ ಹಾಗೆ ಫೋಮ್ ಮರೆ ಹಿಡಿಯುತ್ತದೆ. ಅವರಿಗೆ ತಲುಪುವ ಬೆಳಕೆಲ್ಲ ಗೋಡೆಯಿಂದ ಬಂದದ್ದೇ. ಕಿಟಕಿಯ ಪಕ್ಕ ನಿಂತಂತೆ ಒಂದು ಕೆನ್ನೆ ಬೆಳಗಿ ಇನ್ನೊಂದು ಕೆನ್ನೆ ಮೆಲ್ಲಗೆ ನೆರಳಿಗಿಳಿಯುತ್ತದೆ. ಇದು ಫ್ಲ್ಯಾಶ್ ಎಂದು ನೋಡಿದವರಿಗೆ ಹೊಳೆಯುವುದೇ ಇಲ್ಲ.

ಡೋಮ್ ಹಾಕಿ ಒಂದು, ಕಪ್ಪು ಫೋಮ್ ಹಾಕಿ ಪಕ್ಕದ ಗೋಡೆಗೆ ತಿರುಗಿಸಿ ಒಂದು, ಒಂದೇ ಮುಖ ಒಂದೇ ಕೋಣೆಯಲ್ಲಿ ತೆಗೆದು ನೋಡಿ. ಎರಡೂ ಮೆದು ಬೆಳಕೇ. ಆದರೆ ಒಂದರಲ್ಲಿ ಬೆಳಕಿಗೆ ದಿಕ್ಕಿಲ್ಲ, ಇನ್ನೊಂದರಲ್ಲಿದೆ. ಬೆಳಕು ಮೆದುವಾಗಿದ್ದರೆ ಸಾಲದು, ಅದಕ್ಕೊಂದು ದಿಕ್ಕೂ ಬೇಕು ಎಂಬುದು ನನ್ನ ಹಟ. ನಿಮಗೆ ಹಾಗನ್ನಿಸದಿದ್ದರೆ ಡೋಮ್ ಸಾಕು, ತಪ್ಪೇನಿಲ್ಲ. ಬೆವರಿದ ಹಣೆಯ ಹೊಳಪಿಗೆ, ಜರಿ ಮತ್ತು ಮಿಂಚಿನ ಬಟ್ಟೆಗೆ, ಕನ್ನಡಕಕ್ಕೆ ಮಾತ್ರ ಪಕ್ಕದಿಂದ ಬರುವ ಗೋಡೆ ಬೆಳಕಿನಷ್ಟು ಒಳ್ಳೆಯ ಮದ್ದು ನಾನು ಕಂಡಿಲ್ಲ. ಹೊಳಪು ಎಂದರೆ ದೀಪದ ಪ್ರತಿಬಿಂಬ ತಾನೇ. ದೀಪ ಚಿಕ್ಕದಿದ್ದರೆ ಹಣೆಯ ಮೇಲೆ ಸುಟ್ಟ ಬಿಳಿ ಚುಕ್ಕೆ ಕೂರುತ್ತದೆ, ದೊಡ್ಡದಿದ್ದರೆ ಅದೇ ಹೊಳಪು ಹರಡಿ ತೆಳ್ಳಗಾಗುತ್ತದೆ.

ಇದರ ದೌರ್ಬಲ್ಯ ಗೋಡೆಯ ಬಣ್ಣ. ಒಮ್ಮೆ ಮರದ ಹಲಗೆ ಹೊದಿಸಿದ ಸಭಾಂಗಣದಲ್ಲಿ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿಸಿ ಹೊಡೆಯುತ್ತಾ ಹೋದೆ. ಎಲ್ಲರ ಒಂದು ಕೆನ್ನೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ಇದೆಯಲ್ಲ, ಮನೆಗೆ ಹೋಗಿ ಸರಿಮಾಡಿದರಾಯಿತು ಎಂದುಕೊಂಡದ್ದೇ ಬಂತು. ಗೋಡೆಯ ಕಡೆಯ ಕೆನ್ನೆ ಸರಿಮಾಡಿದರೆ ಆಚೆ ಕೆನ್ನೆ ನೀಲಿ, ಆಚೆಯದನ್ನು ಸರಿಮಾಡಿದರೆ ಈಚೆಯದು ಕಿತ್ತಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೊನೆಗೆ ಅರ್ಧ ಆಲ್ಬಮ್ ಕಪ್ಪುಬಿಳುಪಿನಲ್ಲಿ ಕೊಟ್ಟೆ. ಅದು ಕಲಾತ್ಮಕ ನಿರ್ಧಾರವೆಂದು ಮದುವೆ ಮನೆಯವರು ಮೆಚ್ಚಿಕೊಂಡರು, ನಾನು ತುಟಿ ಬಿಚ್ಚಲಿಲ್ಲ.

ಬಣ್ಣದ ಗೋಡೆ, ಬಣ್ಣದ ಪರದೆ ಸುತ್ತುವರಿದ ಕಡೆ ಡೋಮ್ ಕೂಡ ಇದೇ ಬಣ್ಣ ಹೊತ್ತು ತರುತ್ತದೆ, ನೇರ ಬೆಳಕು ಬೆರೆಯುವುದರಿಂದ ಸ್ವಲ್ಪ ಕಡಿಮೆ ಅಷ್ಟೇ. ಅಂಥ ಜಾಗಕ್ಕೆ ತನ್ನದೇ ಮೇಲ್ಮೈ ಹೊತ್ತು ಬರುವ ಎರಡನೆಯ ರಾಶಿಯೇ ಗತಿ.

ಸಾಫ್ಟ್‌ಬಾಕ್ಸ್, ಕೊಡೆ

ಕ್ಯಾಮೆರಾದ ಮೇಲೇ ಕೂರುವ ಪುಟ್ಟ ಸಾಫ್ಟ್‌ಬಾಕ್ಸ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ಕೊಳ್ಳಬೇಡಿ. ಮುಂದಕ್ಕೆ ತೂಗುತ್ತದೆ, ಫೋಕಸ್‌ಗೆ ನೆರವಾಗುವ ಕೆಂಪು ದೀಪಕ್ಕೆ ಅಡ್ಡ ಬರುತ್ತದೆ, ಮೂರು ಮೀಟರಿನಾಚೆ ಬರಿ ಫ್ಲ್ಯಾಶಿಗಿಂತ ಹೆಚ್ಚೇನೂ ಕೊಡುವುದಿಲ್ಲ.

ಸಾಫ್ಟ್‌ಬಾಕ್ಸಿನ ಬೆಲೆ ಗೊತ್ತಾಗುವುದು ಫ್ಲ್ಯಾಶ್ ಕ್ಯಾಮೆರಾದಿಂದ ಇಳಿದಾಗ. ಜೋಡಿಯ ಚಿತ್ರಕ್ಕೆ 60 ಸೆಂ.ಮೀ. ಸಾಫ್ಟ್‌ಬಾಕ್ಸನ್ನು ಸಹಾಯಕ ಒಂದು ಕೋಲಿನ ತುದಿಯಲ್ಲಿ ಹಿಡಿದು ಮುಖದಿಂದ ಒಂದು ಮೀಟರಿನ ಒಳಗೆ ತಂದರೆ ಕೋಣೆ ಹೇಗಿದ್ದರೇನು, ಚಾವಣಿ ಇದ್ದರೇನು ಬಿಟ್ಟರೇನು, ಬೆಳಕು ನಿಮ್ಮ ಕೈಯಲ್ಲಿ. ದೀಪದ ಅಡ್ಡಳತೆಯಷ್ಟೇ ದೂರದಲ್ಲಿ ಅದನ್ನಿಟ್ಟರೆ ನೆರಳು ಚೆನ್ನಾಗಿ ಕರಗುತ್ತದೆ ಎಂಬ ಅಂದಾಜು ನನಗೆ ಯಾವತ್ತೂ ಮೋಸ ಮಾಡಿಲ್ಲ. ಅದೇ ಪೆಟ್ಟಿಗೆಯನ್ನು ನಾಲ್ಕು ಮೀಟರ್ ಹಿಂದಕ್ಕೆ ಒಯ್ದರೆ ಹೆಸರಿಗಷ್ಟೇ ಸಾಫ್ಟ್.

ಗುಂಪು ಚಿತ್ರಕ್ಕೆ ಬೇಕಾದ್ದು ಹರವು. ಒಂದು ಮೀಟರಿಗೂ ಅಗಲದ ಕೊಡೆ ಸಾಫ್ಟ್‌ಬಾಕ್ಸಿಗಿಂತ ಅಗ್ಗ, ಬಿಚ್ಚಲು ಹತ್ತು ಸೆಕೆಂಡು ಸಾಕು. ಆದರೆ ಎಲ್ಲಿಡುತ್ತೀರಿ ಎನ್ನುವುದು ಏನು ಕೊಂಡಿರಿ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಮೆದುವಾಗಲಿ ಎಂದು ಕೊಡೆಯನ್ನು ಮೊದಲ ಸಾಲಿನಿಂದ ಎರಡು ಮೀಟರ್ ದೂರಕ್ಕೆ ತಂದಿರಿ, ಕೊನೆಯ ಸಾಲು ಕೊಡೆಯಿಂದ ನಾಲ್ಕು ಮೀಟರ್ ದೂರದಲ್ಲಿದೆ ಎನ್ನಿ: ಹಿಂದಿನವರಿಗೆ ಎರಡು ಸ್ಟಾಪ್ ಕಡಿಮೆ, ಮುಂದೆ ಕೂತ ಅಜ್ಜನ ಬಿಳಿ ಅಂಗಿ ಸುಟ್ಟು, ಹಿಂದೆ ನಿಂತ ಹುಡುಗರ ಮುಖ ಕತ್ತಲು. ಕೊಡೆಯನ್ನು ನಾಲ್ಕು ಮೀಟರಿಗೆ ಸರಿಸಿದರೆ ಹಿಂದಿನ ಸಾಲು ಆರು ಮೀಟರ್ ಆಗುತ್ತದೆ, ವ್ಯತ್ಯಾಸ ಸುಮಾರು 1.2 ಸ್ಟಾಪಿಗೆ ಇಳಿಯುತ್ತದೆ. ಮೃದುತ್ವ ಸ್ವಲ್ಪ ಹೋಯಿತು, ಎಲ್ಲರ ಮುಖ ಉಳಿಯಿತು. ಗುಂಪು ಚಿತ್ರದಲ್ಲಿ ನಾನು ಯಾವಾಗಲೂ ಎರಡನೆಯದನ್ನೇ ಆರಿಸುತ್ತೇನೆ. ಗೋಡೆಗಂಟಿದ ನೆರಳಿನ ಬಗ್ಗೆ ಯಾರೂ ದೂರುವುದಿಲ್ಲ, ತಮ್ಮ ಮುಖ ಕಾಣದಿದ್ದರೆ ದೂರುತ್ತಾರೆ.

ಬಯಲಿನಲ್ಲಿ ಕೊಡೆ ಆದಷ್ಟು ಬೇಡ. ಗಾಳಿಗೆ ಅದು ಹಾಯಿ. ಸ್ಟ್ಯಾಂಡ್ ಸಮೇತ ಬೀಳುತ್ತದೆ, ಫ್ಲ್ಯಾಶ್‌ನ ಕಾಲು ಮುರಿಯುತ್ತದೆ, ಯಾರಿಗಾದರೂ ತಾಗಿದರಂತೂ ಹೇಳುವುದೇ ಬೇಡ. ಸ್ಟ್ಯಾಂಡಿನ ಬುಡಕ್ಕೆ ಮರಳಿನ ಚೀಲ ಅಥವಾ ಪಕ್ಕದಲ್ಲೊಬ್ಬ ಮನುಷ್ಯ, ಎರಡರಲ್ಲೊಂದು ಇಲ್ಲದೆ ಕೊಡೆ ಬಿಚ್ಚಬೇಡಿ.

ಹಗಲು, ಬಯಲು

ಇಲ್ಲಿ ಡೋಮ್ ಬಿಚ್ಚಿ ಚೀಲಕ್ಕೆ ಹಾಕಿ. ಬಿಸಿಲಿನಲ್ಲಿ ಮುಖದ ನೆರಳು ತುಂಬಲು ಬರಿ ಫ್ಲ್ಯಾಶ್ ಸಾಕು, ಒಂದೂವರೆ ಎರಡು ಸ್ಟಾಪ್ ಕಡಿಮೆ ಮಾಡಿ ನೇರ ಹೊಡೆಯಿರಿ. ಫ್ಲ್ಯಾಶ್ ಬರಿ ತುಂಬುವ ಕೆಲಸ ಮಾಡುವಾಗ ಅದರ ಗಡಸುತನ ಯಾರ ಕಣ್ಣಿಗೂ ಬೀಳದು. ಬಹಳ ಕ್ಯಾಮೆರಾಗಳಲ್ಲಿ ಸಾಮಾನ್ಯ ಸಿಂಕ್ ವೇಗ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) 1/200 ಅಥವಾ 1/250 ಸೆಕೆಂಡಿಗೆ ನಿಲ್ಲುತ್ತದೆ. ಹಿನ್ನೆಲೆ ಮಸುಕಾಗಲಿ ಎಂದು ಅಪರ್ಚರ್ ತೆರೆದು ಅದಕ್ಕೂ ಮೇಲಿನ ವೇಗದಲ್ಲಿ ಫ್ಲ್ಯಾಶ್ ಹೊಡೆಯುವ ಹೈಸ್ಪೀಡ್ ಸಿಂಕ್‌ಗೆ ಹೋದರೆ ಫ್ಲ್ಯಾಶ್‌ನ ಬಲ ಥಟ್ಟನೆ ಕುಸಿಯುತ್ತದೆ. ಅದರ ಮೇಲೆ ಡೋಮ್ ಕೂಡ ಹಾಕಿದರೆ ಸೂರ್ಯನೆದುರು ಮಿಂಚುಹುಳ.

ಬಣ್ಣ, ಬಿಸಿ, ಹಿಡಿತ

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಇಳಿದಷ್ಟೂ ಹಳದಿ. ಫ್ಲ್ಯಾಶ್‌ನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬುಗಳ ಸಭಾಂಗಣ 3200ರ ಆಸುಪಾಸು. ಎರಡೂ ಬೆರೆತರೆ ಮುಖ ಸರಿ, ಹಿನ್ನೆಲೆ ಅರಿಸಿನ. ಫ್ಲ್ಯಾಶ್‌ಗೆ ಸಿಟಿಒ ಎಂಬ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿದರೆ ಎರಡೂ ಒಂದಾಗುತ್ತವೆ. ಪೂರ್ಣ ಸಿಟಿಒ ಜೆಲ್ ಅದನ್ನು 2900ರ ಹತ್ತಿರಕ್ಕೆ ಇಳಿಸುತ್ತದೆ, ಅರ್ಧ ಸಿಟಿಒ 3800ರ ಹತ್ತಿರಕ್ಕೆ. ನಾನು ಅರ್ಧವನ್ನೇ ಹಾಕುವುದು, ಸಭಾಂಗಣದ ಬೆಚ್ಚನೆಯ ಛಾಯೆ ಒಂದಿಷ್ಟು ಉಳಿಯಲಿ ಎಂದು. ಹಾಗಾಗಿ ಡಿಫ್ಯೂಸರ್ ಕೊಳ್ಳುವಾಗ ಅದರ ಒಳಗೆ ಜೆಲ್ ಕೂರುತ್ತದೆಯೇ ಎಂದು ನೋಡಿ. ಆಯಸ್ಕಾಂತದವುಗಳು ಇಲ್ಲಿ ಗೆಲ್ಲುತ್ತವೆ: ಕತ್ತಲಲ್ಲೂ ಒಂದು ಕೈಯಲ್ಲಿ ಬದಲಿಸಬಹುದು. ಜೆಲ್ ಕೂಡ ಬೆಳಕು ತಿನ್ನುತ್ತದೆ ಎಂಬುದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಗ್ಗದ ಬಿಳಿ ಪ್ಲಾಸ್ಟಿಕ್ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ. ದಿನಾ ನೋಡುವವರಿಗೆ ಗೊತ್ತಾಗುವುದಿಲ್ಲ. ಹೊಸ ಬಿಳಿ ಕಾಗದದ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಪೂರ್ಣ ಶಕ್ತಿಯಲ್ಲಿ ಮೇಲಿಂದ ಮೇಲೆ ಹೊಡೆದರೆ ಫ್ಲ್ಯಾಶ್‌ನ ಮುಖ ಸುಡುತ್ತದೆ. ಟಿಶ್ಯೂ ಕಾಗದ, ತೆಳು ಪ್ಲಾಸ್ಟಿಕ್, ಅಂಟುಪಟ್ಟಿ ಮುಖಕ್ಕೆ ತಾಗಿಸಿ ಕಟ್ಟುವ ಪ್ರಯೋಗಗಳನ್ನು ಮನೆಯಲ್ಲೇ ಮಾಡಿ ಮುಗಿಸಿ. ರಬ್ಬರ್ ಪಟ್ಟಿಯ ಹಿಡಿತ ಸಂಜೆಯ ಹೊತ್ತಿಗೆ ಸಡಿಲವಾಗಿ, ಕುಣಿತದ ಗುಂಪಿನಲ್ಲಿ ಡಿಫ್ಯೂಸರ್ ಯಾರದೋ ಕಾಲಡಿ ಸೇರುತ್ತದೆ. ಸಿಲಿಕೋನ್ ತುಳಿದರೂ ಬದುಕುತ್ತದೆ, ಗಟ್ಟಿ ಪ್ಲಾಸ್ಟಿಕ್ ಬದುಕುವುದಿಲ್ಲ.

ಟಿಟಿಎಲ್‌ನಲ್ಲಿ (ಫ್ಲ್ಯಾಶ್‌ನ ಬಲವನ್ನು ಕ್ಯಾಮೆರಾವೇ ನಿರ್ಧರಿಸುವ ವಿಧಾನ) ಕೆಲಸ ಮಾಡುವವರು ಡಿಫ್ಯೂಸರ್ ತಿನ್ನುವ ಬೆಳಕಿನ ಲೆಕ್ಕ ಹಾಕಬೇಕಿಲ್ಲ. ಲೆನ್ಸಿನ ಮೂಲಕವೇ ಅಳೆಯುವುದರಿಂದ ಕ್ಯಾಮೆರಾ ತಾನೇ ಸರಿದೂಗಿಸಿಕೊಳ್ಳುತ್ತದೆ, ಫ್ಲ್ಯಾಶ್‌ನಲ್ಲಿ ಬಲ ಉಳಿದಿರುವವರೆಗೆ. ಬಲವನ್ನು ಕೈಯಾರೆ ಹೊಂದಿಸುವ ಮ್ಯಾನ್ಯುಯಲ್‌ನವರು ಡೋಮ್ ಹಾಕುವಾಗ ತೆಗೆಯುವಾಗ ಶಕ್ತಿ ಬದಲಿಸಲು ಮರೆತರೆ ಕೆಟ್ಟರು. ಇನ್ನೊಂದು, ಕೆಲವು ನಿಕಾನ್ ಫ್ಲ್ಯಾಶ್‌ಗಳು ತಮ್ಮದೇ ಡೋಮ್ ಸಿಕ್ಕಿಸಿದ್ದನ್ನು ಗುರುತಿಸಿ ಜೂಮನ್ನು ತಾವಾಗಿಯೇ ಅಗಲಕ್ಕೆ ಒಯ್ಯುತ್ತವೆ. ಬೇರೆ ಕಂಪನಿಯ ಡೋಮ್ ಹಾಕಿದಾಗ ಆ ಕೆಲಸ ನಿಮ್ಮದು.

ಒಂದೇ ಕೊಳ್ಳುವುದಾದರೆ

ಮೊದಲ ಮದುವೆಗೆ ಹೊರಟಿದ್ದೀರಿ, ಒಬ್ಬರೇ, ಕ್ಯಾಮೆರಾದ ಮೇಲೆ ಒಂದೇ ಫ್ಲ್ಯಾಶ್: ದೊಡ್ಡ ಬಾಗುವ ಬಿಳಿ ಕಾರ್ಡ್ ಕೊಳ್ಳಿ, ಜೊತೆಗೆ ಕಪ್ಪು ಫೋಮಿನ ಒಂದು ಹಾಳೆ ಕತ್ತರಿಸಿ ಇಟ್ಟುಕೊಳ್ಳಿ. ಈ ಎರಡು ಚೀಲದ ಬೆನ್ನಿಗೆ ಚಪ್ಪಟೆಯಾಗಿ ಒರಗಿ ಕೂರುತ್ತವೆ, ಜಾಗವನ್ನೇ ತಿನ್ನುವುದಿಲ್ಲ. ಫ್ಲ್ಯಾಶ್ ತಿರುಗಿಸುತ್ತಾ ಕೂರುವ ತಾಳ್ಮೆ ನಿಮಗಿಲ್ಲ, ನೀವು ತೆಗೆಯುವ ಮದುವೆಗಳೆಲ್ಲ ತಗ್ಗು ಬಿಳಿ ಚಾವಣಿಯ ಕೆಳಗೇ ನಡೆಯುತ್ತವೆ ಎಂದಾದರೆ ಡೋಮ್ ತೆಗೆದುಕೊಳ್ಳಿ, ಹಾಗೆಯೇ ಸೆಲ್‌ಗಳ ಇನ್ನೊಂದು ಸೆಟ್. ಎರಡನೆಯ ಫ್ಲ್ಯಾಶ್ ಮತ್ತು ಒಬ್ಬ ಸಹಾಯಕ ಸಿಕ್ಕ ದಿನ ಸಾಫ್ಟ್‌ಬಾಕ್ಸಿಗೆ ಹೋಗಿ, ಅದಕ್ಕೂ ಮುಂಚೆ ಬೇಡ. ಅದನ್ನು ಹಿಡಿಯುವ ಕೈ ಇಲ್ಲದಿದ್ದರೆ ಅದು ಕಾರಿನಲ್ಲೇ ಉಳಿಯುತ್ತದೆ, ನನ್ನದು ಎರಡು ವರ್ಷ ಉಳಿದಿತ್ತು.

ಕೊಂಡದ್ದನ್ನು ಮದುವೆಯ ದಿನ ಮೊದಲ ಸಲ ಬಿಚ್ಚಬೇಡಿ. ಮನೆಯ ಯಾರನ್ನಾದರೂ ಗೋಡೆಯಿಂದ ಅರ್ಧ ಮೀಟರ್ ಮುಂದೆ ನಿಲ್ಲಿಸಿ, ಎರಡು ಮೀಟರ್ ದೂರದಿಂದ ಬರಿ ಫ್ಲ್ಯಾಶ್, ಚಾವಣಿಗೆ ತಿರುಗಿಸಿದ್ದು, ಡೋಮ್, ಕಾರ್ಡ್, ಕಪ್ಪು ಫೋಮ್ ಎಲ್ಲವನ್ನೂ ಒಂದೊಂದು ಚಿತ್ರ ತೆಗೆಯಿರಿ. ಮೂಗಿನ ಕೆಳಗಿನ ನೆರಳಿನ ಅಂಚನ್ನೂ ಗೋಡೆಯ ಮೇಲಿನ ತಲೆಯ ನೆರಳನ್ನೂ ದೊಡ್ಡದು ಮಾಡಿ ನೋಡಿ. ಆಮೇಲೆ ಅದನ್ನೇ ಕತ್ತಲಾದ ಮೇಲೆ ಅಂಗಳದಲ್ಲಿ ಮಾಡಿ.

ಮದುವೆಯ ದಿನ ಜನ ಬರುವ ಮುಂಚೆ ಇಪ್ಪತ್ತು ನಿಮಿಷ ಮೊದಲೇ ಒಳಗೆ ಹೋಗಿ. ಬಿಳಿ ಕರವಸ್ತ್ರವೊಂದನ್ನು ಕುರ್ಚಿಯ ಬೆನ್ನಿಗೆ ಹಾಕಿ, ಫ್ಲ್ಯಾಶ್ ಮೇಲಕ್ಕೆ ತಿರುಗಿಸಿ ಒಂದು ಹೊಡೆಯಿರಿ, ಪಕ್ಕದ ಗೋಡೆಗೆ ಒಂದು. ಕರವಸ್ತ್ರ ಬಿಳಿಯಾಗಿಯೇ ಬಂದರೆ ಆ ಕಡೆಗೆ ತಿರುಗಿಸಿ ಕೆಲಸ ಶುರುಮಾಡಿ. ಹಳದಿಯೋ ಹಸಿರೋ ಬಂದರೆ, ಇಲ್ಲವೇ ಪೂರ್ಣ ಶಕ್ತಿಯಲ್ಲೂ ಕಪ್ಪಾಗಿಯೇ ಉಳಿದರೆ, ಕಾರ್ಡ್ ಹೊರಗೆ ತೆಗೆಯಿರಿ.